ಗಗನಚುಕ್ಕಿಯ ಎದುರು ಕ್ಯಾಮೆರಾ

ನಮ್ಮ ಹೊಸಹಳ್ಳಿಯಲ್ಲಿ ಮೇಲಿನಿಂದ ಧುಮುಕುವ ನೀರೆಂದರೆ ಮಾಳಿಗೆಯ ತೊಟ್ಟಿ ತುಂಬಿ ಚೆಲ್ಲುವ ನೀರೊಂದೇ. ಆದರೆ ಕಾವೇರಿ ತುಂಬಿ ಹರಿಯುತ್ತಿದ್ದಾಳೆಂಬ ವಾರ್ತೆ ಬಂದೊಡನೆ ಮನೆಮನೆಯಲ್ಲಿ ಬುತ್ತಿ ಸಿದ್ಧವಾಗುತ್ತದೆ. ಬುತ್ತಿಯ ಜೊತೆಗೆ ಕ್ಯಾಮೆರಾ ಅಥವಾ ಮೊಬೈಲು ಹೊರಡುತ್ತದೆ. ಮೈಸೂರು ರಸ್ತೆ ಸಮೀಪದಲ್ಲೇ ಇದೆ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹಾದು, ಮದ್ದೂರಿನಲ್ಲಿ ಎಡಕ್ಕೆ ಹೊರಳಿ ಮಳವಳ್ಳಿಯ ದಾರಿ ಹಿಡಿದರೆ, ಸುಮಾರು ಮೂರು ಗಂಟೆಗಳಲ್ಲಿ ಶಿವನಸಮುದ್ರ.

ಇಲ್ಲಿ ಕಾವೇರಿ ದ್ವೀಪವೊಂದನ್ನು ಬಳಸಿ ಎರಡಾಗಿ ಇಳಿಯುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ್ದು ಭರಚುಕ್ಕಿ. ಗಗನಚುಕ್ಕಿಯನ್ನು ಕಂದರದ ಈಚೆಯ ದಂಡೆಯಿಂದ ನೋಡಬೇಕು. ದೂರವನ್ನು ಹತ್ತಿರಕ್ಕೆ ತರುವ ಮಸೂರವಿದ್ದರೆ ಲೇಸು. ಇಲ್ಲವೆಂದು ಕಟಕಟೆ ದಾಟಿ ಪಾಚಿಗಟ್ಟಿದ ಬಂಡೆಗೆ ಇಳಿಯುವುದು ಅವಿವೇಕ. ಯಾವ ಚಿತ್ರವೂ ಒಂದು ಜೀವಕ್ಕೆ ಸಮನಲ್ಲ.

ಚಿತ್ರದಲ್ಲಿ ನೀರಿಗೆ ರೂಪ ಕೊಡುವುದು ಕಾಲ. ಷಟರ್ ಸೆಕೆಂಡಿನ 1000ನೆಯ ಒಂದು ಭಾಗದಷ್ಟು ತೆರೆದರೆ ಹನಿಹನಿಯೂ ಮುತ್ತಿನಂತೆ ನಿಂತುಬಿಡುತ್ತದೆ. ಅರ್ಧ ಸೆಕೆಂಡು ತೆರೆದರೆ ಅದೇ ನೀರು ರೇಷ್ಮೆಯ ಸೆರಗಾಗುತ್ತದೆ. ಬಹುಮಂದಿ ಎಲ್ಲ ಜಲಪಾತಕ್ಕೂ ರೇಷ್ಮೆಯನ್ನೇ ಉಡಿಸುತ್ತಾರೆ. ಸಣ್ಣ ಧಾರೆಗಳಿಗೆ ಅದು ಒಪ್ಪುತ್ತದೆ. ಆದರೆ ಆಗಸ್ಟಿನ ಪ್ರವಾಹವನ್ನು ಹಾಗೆ ಹಿಡಿದರೆ ಅದರ ಆರ್ಭಟವೆಲ್ಲ ಅಡಗಿ, ಬಿಳಿಯ ಪರದೆಯೊಂದು ಉಳಿಯುತ್ತದೆ. ಅಲ್ಲಿ ಸೆಕೆಂಡಿನ 250ನೆಯ ಒಂದು ಭಾಗ, ಅಥವಾ ಇನ್ನೂ ಕಡಮೆ ಕಾಲವೇ ಉಚಿತ.

ದೀರ್ಘ ಕಾಲದ ಚಿತ್ರಕ್ಕೆ ಮುಕ್ಕಾಲಿ ಬೇಕು. ಬೆಳಕನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸುವ ಬೂದುಬಣ್ಣದ ಗಾಜು ಇದ್ದರೆ, ಸೆಕೆಂಡಿನ 15ನೆಯ ಒಂದು ಭಾಗದ ಚಿತ್ರಕ್ಕೆ ಅರ್ಧ ಸೆಕೆಂಡು ದೊರೆಯುತ್ತದೆ. ಬಂಡೆ, ಎಲೆಗಳ ಮೇಲಿನ ಹೊಳಪನ್ನು ಪೋಲರೈಸರ್ ತಗ್ಗಿಸುತ್ತದೆ. ತುಂತುರು ಒರೆಸಲು ಮೆತ್ತನೆಯ ಬಟ್ಟೆಯನ್ನು ಮರೆಯಬೇಡಿ. ಸೂರ್ಯ ಬೆನ್ನ ಹಿಂದಿದ್ದರೆ ಆ ತುಂತುರಿನಲ್ಲಿಯೇ ಕಾಮನಬಿಲ್ಲು ಕಂಡೀತು.

ಇನ್ನು ಮನೆಗೆ ಬಂದ ಮೇಲೆ ಚಿತ್ರವನ್ನು ತಿದ್ದುವ ಮಾತು. ಕಪ್ಪು ಬಂಡೆಗಳ ನಡುವಣ ನೊರೆ ಬೆಳಕು ಹೆಚ್ಚಾಗಿ ಸುಟ್ಟುಹೋದರೆ ಯಾವ ಯಂತ್ರವೂ ಅದನ್ನು ಮರಳಿ ತಾರದು. ಕತ್ತಲಾದ ಬಂಡೆಯನ್ನಾದರೋ ತಕ್ಕಮಟ್ಟಿಗೆ ಬೆಳಗಿಸಬಹುದು. ಆದುದರಿಂದ ತೆಗೆಯುವಾಗಲೇ ಬೆಳಕನ್ನು ತುಸು ತಗ್ಗಿಸಿ, ಸಾಧ್ಯವಿದ್ದರೆ ‘ರಾ’ ಕಡತದಲ್ಲಿ ಉಳಿಸಿಕೊಳ್ಳಿ. ಬಳಿಕ ವಾಲಿದ ಚಿತ್ರವನ್ನು ನೇರ ಮಾಡಿ. ಅಂಚಿನಲ್ಲಿ ಇಣುಕುವ ಕೊಂಬೆಯನ್ನು ಕತ್ತರಿಸಿ. ನೆರಳು ನೊರೆಗೆ ಬಳಿದ ನೀಲಿಯನ್ನು ಕಳೆಯಿರಿ. ಹಸುರನ್ನು ಮಾತ್ರ ಗಿಳಿಹಸುರಾಗಿಸಬೇಡಿ.

ತಿದ್ದುಪಡಿ ಇಲ್ಲಿಗೆ ನಿಲ್ಲಬೇಕು. ಈಚೆಗೆ ಯಂತ್ರಬುದ್ಧಿಯ ನೆರವಿನಿಂದ ಬೇಸಗೆಯ ಬಡಕಲು ಧಾರೆಗೂ ಮಳೆಗಾಲದ ಮೈ ತುಂಬಬಹುದಾಗಿದೆ. ನೋಡಲು ಅದು ಚೆಲುವೇ. ಆದರೆ ಆ ಧಾರೆ ಏಕೆ ಬಡಕಲಾಯಿತೆಂಬ ಪ್ರಶ್ನೆಯೇ ಚಿತ್ರದಿಂದ ಅಳಿಸಿಹೋಗುತ್ತದೆ. ಜಲಪಾತದ ಮೇಲ್ಗಡೆಯಿಂದ ತಿರುಗಿಸಿದ ನೀರಿನಿಂದಲೇ 1902ರಲ್ಲಿ ಇಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1974ರಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಮಾರ್ಗವಾಗಿ ಕಾವೇರಿಯ ನೀರು ಬೆಂಗಳೂರಿಗೆ ಏರಿ ಬರುತ್ತಿದೆ. ಏಪ್ರಿಲಿನಲ್ಲಿ ಬರಿದಾಗಿ ಕಾಣುವ ಆ ಬಂಡೆಗಳಿಗೂ ನಮ್ಮ ಮಾಳಿಗೆಯ ತೊಟ್ಟಿಗೂ ಸಂಬಂಧವಿಲ್ಲದಿಲ್ಲ.

ಆದುದರಿಂದ ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಬೇಸಗೆಯಲ್ಲಿ, ಒಂದೇ ಜಾಗದಲ್ಲಿ ನಿಂತು ಎರಡು ಚಿತ್ರಗಳನ್ನು ತೆಗೆಯಿರಿ. ಅವನ್ನು ಅಚ್ಚುಹಾಕಿಸಿ, ಹಿಂಬದಿಯಲ್ಲಿ ತೇದಿ ಬರೆದು, ಆಲ್ಬಮ್ಮಿನಲ್ಲಿ ಎದುರುಬದುರಾಗಿ ಅಂಟಿಸಿ. ಮಕ್ಕಳು ಎರಡನ್ನೂ ನೋಡಿ ಕಾರಣ ಕೇಳದಿರರು. ಹೇಳಲು ನಮ್ಮಲ್ಲಿ ಉತ್ತರವಿರಲಿ.