ಮೊಂಡು ಬೈರಿಗೆ

'ಮೊಂಡು' ಎಂಬ ಮಾತನ್ನು ನಾವು ಮನುಷ್ಯರಿಗೆ ಬಳಸಿದಷ್ಟು ಧಾರಾಳವಾಗಿ ಉಪಕರಣಗಳಿಗೆ ಬಳಸುವುದಿಲ್ಲ. ಹೇಳಿದ ಮಾತು ಕೇಳದ ಮಗು ಮೊಂಡು. ವಾದಕ್ಕೆ ನಿಂತು ಹಿಂದೆಗೆಯದ ನೆಂಟರು ಮೊಂಡು. ನಾನು ಪಾಠ ಹೇಳುವ ತರಗತಿಯ ಕೊನೆಯ ಸಾಲಿನಲ್ಲಿಯೂ ಈ ಬಿರುದಿಗೆ ಪಾತ್ರರಾದ ಮಹನೀಯರು ಕೆಲವರಿದ್ದಾರೆ. (ಅವರ ಅಭಿಪ್ರಾಯದಲ್ಲಿ ಆ ಬಿರುದು ಅಧ್ಯಾಪಕರಿಗೇ ಹೆಚ್ಚು ಒಪ್ಪುತ್ತದೆಯೆಂದು ಕೇಳಿದ್ದೇನೆ.) ಮೊಂಡುತನಕ್ಕೆ ಮದ್ದು ಸಾಣೆ. ಸಂಸ್ಕೃತದ 'ಶಾಣ'ವೇ ಸಾಣೆಯಾಗಿ ನಮ್ಮ ಮನೆಗೆ ಬಂದು ಎರಡು ಕಡೆ ನೆಲಸಿತು. ದೇವರ ಕೋಣೆಯಲ್ಲಿ ಗಂಧ ತೇಯುವುದೂ ಸಾಣೆಕಲ್ಲಿನ ಮೇಲೆಯೇ, ಬಡಿಗನ ಮನೆಯಲ್ಲಿ ಉಳಿ ಮಸೆಯುವುದೂ ಸಾಣೆಕಲ್ಲಿನ ಮೇಲೆಯೇ. ಮೊದಲನೆಯದನ್ನು ಕುರಿತು ಬರೆದವರು ಬಹಳ ಮಂದಿ. ಎರಡನೆಯದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬ ಆಸೆ ನನಗೆ ಹುಟ್ಟಿದ್ದು ತಿಳವಳ್ಳಿಯಲ್ಲಿ.

ಹಾನಗಲ್ಲ ತಾಲೂಕಿನ ತಿಳವಳ್ಳಿ ನನ್ನ ತಾಯಿಯ ತವರು. ಅಲ್ಲಿನ ಶಾಂತೇಶ್ವರ ಗುಡಿ 13ನೆಯ ಶತಮಾನದ್ದು. ಚಾಲುಕ್ಯ ಶೈಲಿಯ ಗುಡಿಗಳ ದುಂಡು ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದರೆಂದು ವಿದ್ವಾಂಸರು ಹೇಳುತ್ತಾರೆ. ಬಳಪದ ಕಲ್ಲು ಮೃದುವೆಂಬುದು ನಿಜ. ಆದರೂ ಕಲ್ಲು ಕಲ್ಲೇ, ಉಳಿ ಮೊಂಡಾಗದೆ ಇದ್ದೀತೆ? ಗುಡಿ ಕಟ್ಟಿಸಿದವರ ಹೆಸರು, ದಾನ ಕೊಟ್ಟವರ ಹೆಸರು, ಕೆಲವೊಮ್ಮೆ ಶಿಲ್ಪಿಯ ಹೆಸರು ಕೂಡ ನಮ್ಮ ಶಾಸನಗಳಲ್ಲಿ ಸಿಕ್ಕುತ್ತವೆ. ಅಷ್ಟು ಉಳಿಗಳನ್ನು ದಿನದಿನವೂ ಮಸೆದು ಕೈಗೆ ಕೊಟ್ಟವರ ಹೆಸರು ನಾನು ಓದಿದ ಯಾವ ಶಾಸನದಲ್ಲಿಯೂ ಇಲ್ಲ.

ಅಜ್ಜಿಯ ಮನೆಯಿಂದ ನಾಲ್ಕು ಹೆಜ್ಜೆಗೆ ಬಡಿಗೇರ ಅಜ್ಜನ ಪಡಸಾಲೆ. ಅಜ್ಜನಿಗೆ ಈಗ ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಸುತ್ತಲಿನ ಹೊಲಗಳಿಗೆಲ್ಲ ಕೂರಿಗೆ, ಕುಂಟೆ, ನೇಗಿಲುಗಳನ್ನು ಮಾಡಿಕೊಟ್ಟ ಕೈ ಅದು. ಗೋಡೆಯ ಗೂಟಕ್ಕೆ ಅವನ ಹಳೆಯ ಬೈರಿಗೆ ಇನ್ನೂ ತೂಗುತ್ತಿದೆ: ಒಂದು ಮರದ ಗುಂಡು, ಅದರ ತುದಿಗೆ ಚಪ್ಪಟೆ ಉಕ್ಕಿನ ಅಲಗು, ಹಗ್ಗ ಸುತ್ತಿ ಎಳೆಯಲು ಒಂದು ಬಿಲ್ಲು. ಬಿಲ್ಲನ್ನು ಹಿಂದೆ ಮುಂದೆ ಎಳೆದಾಗ ಬೈರಿಗೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗುವುದು. ಆದುದರಿಂದ ಅದರ ಅಲಗು ಎರಡು ದಿಕ್ಕಿಗೂ ಕೆರೆಯುವಂತಿರಬೇಕು. ಕೂರಿಗೆಯ ಬೀಜದ ಬಟ್ಟಲಿಗೆ ರಂಧ್ರ ಕೊರೆಯುತ್ತಿದ್ದುದು ಇದರಿಂದಲೇ. ಒಂದು ರಂಧ್ರ ದೊಡ್ಡದಾಗಿ ಇನ್ನೊಂದು ಸಣ್ಣದಾದರೆ ಹೊಲದಲ್ಲಿ ಒಂದು ಸಾಲು ದಟ್ಟ, ಮತ್ತೊಂದು ತೆಳುವು. ಬಡಿಗನ ಅಲಗಿನ ಸೊಟ್ಟು ರೈತನ ಸುಗ್ಗಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಕಾಲ ಅದು.

ಬಿಲ್ಲಿನ ಬೈರಿಗೆ ಹೋಗಿ ವಿದ್ಯುತ್ತಿನ ಡ್ರಿಲ್ ಬಂದ ಮೇಲೆ ಅಜ್ಜ ಸಾಣೆಯ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಯಿತು. ಈಗಿನ ತಿರುಚು ಬಿಟ್ ಅಮೆರಿಕದ ಸ್ಟೀಫನ್ ಮೋರ್ಸ್ ಎಂಬವನು 1863ರಲ್ಲಿ ಪೇಟೆಂಟು ಪಡೆದ ವಸ್ತು. ಅದು ಒಂದೇ ದಿಕ್ಕಿಗೆ ಕೊಯ್ಯುತ್ತದೆ. ತುದಿಯಲ್ಲಿ ಎರಡು ಹಲ್ಲು. ಅವುಗಳ ನಡುವಣ ಕೋನ ಸಾಮಾನ್ಯವಾಗಿ 118 ಡಿಗ್ರಿ, ಗಟ್ಟಿ ಉಕ್ಕಿಗಾದರೆ 135. ಇಷ್ಟನ್ನು ಯಾವ ಪುಸ್ತಕವಾದರೂ ಹೇಳೀತು. ಆದರೆ ನಾನು ಒಮ್ಮೆ ಬಿಟ್ಟಿನ ಮೊನೆಯನ್ನು ದಿಟ್ಟಿಸಿ ನೋಡುತ್ತಿದ್ದಾಗ ಅಜ್ಜ ಹೇಳಿದ ಮಾತು ಬೇರೆ:

"ತಮ್ಮಾ, ಮೊನಿ ಏನ ನೋಡ್ತಿ? ಮೊನಿ ಹಿಂದ ನೋಡು. ಹಿಂದಿಂದು ಸರದ ನಿಂತ್ರ ಮುಂದಿಂದು ಕೊಯ್ತೈತಿ."

ವಿಷಯ ಇಷ್ಟೆ. ಹಲ್ಲಿನ ಹಿಂದಿರುವ ಲೋಹ ಹಲ್ಲಿಗಿಂತ ತುಸು ತಗ್ಗಿರಬೇಕು. ಎಂಟರಿಂದ ಹನ್ನೆರಡು ಡಿಗ್ರಿಯ ಇಳಿಜಾರು ಸಾಕು. ಇಳಿಜಾರು ಇಲ್ಲದಿದ್ದರೆ ಹಿಂಭಾಗ ಮೊದಲು ತಾಗಿ, ಹಲ್ಲು ಎಷ್ಟೇ ಹರಿತವಾಗಿದ್ದರೂ ಕೊಯ್ಯದೆ ಸುಮ್ಮನೆ ಉಜ್ಜುತ್ತದೆ, ಕಿರುಚುತ್ತದೆ, ಹೊಗೆಯಾಡುತ್ತದೆ. ಇಳಿಜಾರು ಅತಿಯಾದರೆ ಹಲ್ಲಿಗೆ ಆಸರೆ ತಪ್ಪಿ ಚೂರಾಗುತ್ತದೆ. ಇನ್ನು ಎರಡು ಹಲ್ಲುಗಳ ಉದ್ದ ಸಮನಿರದಿದ್ದರೆ ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ. ಕಬ್ಬಿಣ ಕೊರೆಯುವಾಗ ಎರಡು ಕಡೆಯಿಂದಲೂ ಒಂದೇ ತೆರನಾದ ಸುರುಳಿ ಎದ್ದು ಬಂದರೆ ಸಾಣೆ ಸರಿಯಾಗಿದೆಯೆಂದು ತಿಳಿಯಬೇಕು. ಪುಡಿ ಉದುರಿದರೆ ಮತ್ತೆ ಚಕ್ರಕ್ಕೆ ಒಯ್ಯಬೇಕು.

ಅಜ್ಜ ಸಾಣೆ ಹಿಡಿಯುವುದನ್ನು ನೋಡುವುದೇ ಒಂದು ಸೊಗಸು. ಎಡಗೈ ತೋರುಬೆರಳಿನ ಮೇಲೆ ಬಿಟ್ಟಿನ ಕೊರಳು, ಬಲಗೈಯಲ್ಲಿ ಬಾಲ. ಹಲ್ಲನ್ನು ಅಡ್ಡಲಾಗಿ ಚಕ್ರಕ್ಕೆ ಮುಟ್ಟಿಸಿ, ಬಾಲವನ್ನು ಮೆಲ್ಲನೆ ಕೆಳಗಿಳಿಸುತ್ತಾನೆ. ಕಿಡಿಗಳು ಹಲ್ಲಿನಿಂದ ಹಿಂದಕ್ಕೆ ಜಾರುತ್ತವೆ. ಬಳಿಕ ಅರ್ಧ ಸುತ್ತು ತಿರುಗಿಸಿ ಎರಡನೆಯ ಹಲ್ಲಿಗೆ ಅದೇ ಉಪಚಾರ. ಮನಸ್ಸಿನಲ್ಲಿ ಎಣಿಸುತ್ತಾನೆಂದು ತುಟಿಯಿಂದ ತಿಳಿಯುತ್ತದೆ: ಇದಕ್ಕೆ ಎಷ್ಟೋ ಅದಕ್ಕೂ ಅಷ್ಟು. ಸಾಧಾರಣ ಉಕ್ಕಿನ ಬಿಟ್ಟಾದರೆ ಪದೇ ಪದೇ ನೀರಿಗೆ ಅದ್ದುತ್ತಾನೆ. ತುದಿ ನೀಲಿಗೆ ತಿರುಗಿತೆಂದರೆ ಅದರ ಹದ ಕೆಟ್ಟಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಟೇಲರ್ ಮತ್ತು ವೈಟ್ ಎಂಬಿಬ್ಬರು ಲೋಕವನ್ನು ಬೆರಗುಗೊಳಿಸಿದ ಹೈಸ್ಪೀಡ್ ಸ್ಟೀಲಿನ ಜಾತಿ ಬೇರೆ. ಅದು ಮಂದ ಕೆಂಪಿಗೆ ಕಾಯ್ದರೂ ಗಡಸುತನ ಬಿಡದು. ಆದರೆ ಹಾಗೆ ಕಾದದ್ದನ್ನು ಥಟ್ಟನೆ ನೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಪ್ಯಾರಿಸ್ಸಿನ ಸುದ್ದಿ ಅಜ್ಜನಿಗೆ ತಿಳಿಯದು. ಬಿರುಕಿನ ಸುದ್ದಿ ಚೆನ್ನಾಗಿ ತಿಳಿದಿದೆ.

ಕಳೆದ ಬೇಸಗೆಯ ರಜೆಗೆ ಹೋದಾಗ ಪಡಸಾಲೆಯಲ್ಲಿ ಮಾತು ಕಡಿಮೆಯಾಗಿತ್ತು. ಅಜ್ಜನ ಮಗ ಪೇಟೆಯಿಂದ ಬಿಟ್ ಸಾಣೆಯ ಯಂತ್ರವೊಂದನ್ನು ತರುವ ಯೋಚನೆಯಲ್ಲಿದ್ದ. ಕೋನಕ್ಕೆ ತಕ್ಕಂತೆ ತಿರುಗಿಸಿ, ಬಿಟ್ಟನ್ನು ಅದರ ಹಿಡಿಕೆಗೆ ಸಿಕ್ಕಿಸಿ, ತೂತಿನೊಳಗೆ ಇಟ್ಟು ಹೊರಳಿಸಿದರೆ ಆಯಿತು. ಒಳಗಿನ ಚಕ್ರ ಉಳಿದುದನ್ನು ನೋಡಿಕೊಳ್ಳುತ್ತದೆ. ಅಜ್ಜನಿಗೆ ಇದು ಬೇಡ.

ಹೊರನೋಟಕ್ಕೆ ಇದು ಹಳತು ಹೊಸತುಗಳ ಸಾಮಾನ್ಯ ಜಗಳ. ಒಳಗಿನ ಸಂಗತಿ ಹಾಗಿರಲಿಲ್ಲ. ಅಜ್ಜನ ಒಂದು ಕಣ್ಣು ಮಂದವಾಗಿ ಎರಡು ವರ್ಷಗಳಾಗಿದ್ದವು. ಗರಗಸ ಹಿಡಿಯುವುದನ್ನು, ಉಜ್ಜುಗೊರಡು ಹೊಡೆಯುವುದನ್ನು ಅವನು ಬಿಟ್ಟಾಗಿತ್ತು. ಅವನ ಪಾಲಿಗೆ ಉಳಿದದ್ದು ಸಾಣೆಯೊಂದೇ. ವೆಲ್ಡಿಂಗಿನ ಹುಡುಗರು, ಬಾಗಿಲು ಕೂರಿಸುವವರು, ನಳ ಜೋಡಿಸುವವರು ತಮ್ಮ ಮೊಂಡು ಬಿಟ್ಟುಗಳನ್ನು ಚೀಲದಲ್ಲಿ ತಂದು ಅವನ ಮುಂದೆ ಸುರಿಯುತ್ತಿದ್ದರು. ಮುಂಜಾನೆ ಎದ್ದು ಪಡಸಾಲೆಗೆ ಬರಲು ಅವನಿಗಿದ್ದ ಕಾರಣ ಅದು.

ಮಗನ ಮಾತನ್ನೂ ಕೇಳಬೇಕು. "ಸರ, ಕಿಡಿ ಹಾರೂದು ಇರೂ ಒಂದು ಕಣ್ಣಿಗೆ. ಕನ್ನಡಕ ಹಾಕ್ಕೋ ಅಂದ್ರ ಹಾಕ್ಕೊಳ್ಳಂಗಿಲ್ಲ. ನಾಳೆ ಏನಾರ ಆದ್ರ ಜನ ನನ್ನ ಅಂತಾರ. ನೀವ ಹೇಳ್ರಿ."

ಕನ್ನಡದ ಅಧ್ಯಾಪಕನಿಗೆ ಇಂಥ ನ್ಯಾಯಪೀಠ ದೊರೆಯುವುದು ಅಪರೂಪ. ಯಂತ್ರದ ಬಗೆಗೆ ನನಗೆ ಭಕ್ತಿಯೂ ಇಲ್ಲ, ದ್ವೇಷವೂ ಇಲ್ಲ. ಮೂರು ಮಿಲಿಮೀಟರಿಗಿಂತ ಸಣ್ಣ ಬಿಟ್ಟನ್ನು ಯಂತ್ರಕ್ಕೂ ಕೊಡಬಾರದು, ಕೈಯಲ್ಲೂ ಹಿಡಿಯಬಾರದು. ಎಸೆದು ಹೊಸದನ್ನು ಕೊಳ್ಳುವುದೇ ಲೇಸು. ಗೋಡೆ ಕೊರೆಯುವ ಬಿಟ್ಟಿನ ತುದಿಯ ಕಾರ್ಬೈಡಿಗೆ ಮನೆಯ ಬೂದು ಬಣ್ಣದ ಚಕ್ರ ಸಾಲದು, ಹಸಿರು ಚಕ್ರ ಅಥವಾ ವಜ್ರದ ಪುಡಿ ಕೂರಿಸಿದ ಚಕ್ರ ಬೇಕು. ನಡುವೆ ಉಳಿಯುವ ಬಿಟ್ಟುಗಳಿಗೆ ಒಳ್ಳೆಯ ಯಂತ್ರ ಒಳ್ಳೆಯ ಕೈಯಷ್ಟೇ ಕೆಲಸ ಕೊಟ್ಟೀತು. ಆದರೆ ಹಿಡಿಕೆಯಲ್ಲಿ ಬಿಟ್ ಕೂದಲೆಳೆಯಷ್ಟು ಓರೆಯಾಗಿ ಕುಳಿತರೆ ಯಂತ್ರ ಆ ಓರೆಯನ್ನೇ ಶ್ರದ್ಧೆಯಿಂದ ಮಸೆದು ಕೊಡುತ್ತದೆ. ಅದನ್ನು ಹಿಡಿಯಬಲ್ಲವನು ಕೈಯಲ್ಲಿ ಮಸೆದು ಬಲ್ಲವನು ಮಾತ್ರ. ಇಷ್ಟೆಲ್ಲ ಯೋಚಿಸಿಯೂ ನಾನು ಮಗನ ಪಕ್ಷವನ್ನೇ ಹಿಡಿದೆ. ಬಿಟ್ಟಿಗೆ ಬದಲಿ ಬಿಟ್ ಸಿಕ್ಕೀತು, ಕಣ್ಣಿಗೆ ಸಿಕ್ಕುವುದಿಲ್ಲ. ಅಜ್ಜ ಏನೂ ಹೇಳದೆ ಎದ್ದು ಒಳಗೆ ಹೋದ. ಆ ರಜೆಯ ಉಳಿದ ದಿನಗಳಲ್ಲಿ ಅವನು ನನ್ನನ್ನು "ತಮ್ಮಾ" ಎನ್ನಲಿಲ್ಲ, "ಮಾಸ್ತರ" ಎಂದ.

ದಸರೆಗೆ ಹೋದಾಗ ಯಂತ್ರ ಬಂದಿತ್ತು. ಮಗ ಹತ್ತು ಮಿಲಿಮೀಟರಿನ ಬಿಟ್ಟೊಂದನ್ನು ಮಸೆದು, ಡ್ರಿಲ್ಲಿಗೆ ಸಿಕ್ಕಿಸಿ, ಕಬ್ಬಿಣದ ಪಟ್ಟಿಯ ಮೇಲೆ ಓಡಿಸುತ್ತಿದ್ದ. ಅಜ್ಜ ಮೂರು ಮೊಳ ದೂರದಲ್ಲಿ ಮಣೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಅತ್ತ ಕಿವಿಗೊಟ್ಟಿದ್ದ. ಪಕ್ಕದಲ್ಲಿ ವೆಲ್ಡಿಂಗಿನ ಹುಡುಗರ ಚೀಲ ಹಾಗೆಯೇ ಇತ್ತು. ಕ್ಷಣಕಾಲದ ಮೇಲೆ ಅವನು ಕೈ ಎತ್ತಿದ.

"ನಿಲ್ಲಸೋ. ಒಂದ ಹಲ್ಲ ದುಡೀತೈತಿ, ಇನ್ನೊಂದ ಕುಂತ ಉಣ್ತೈತಿ."

ಮಗ ಡ್ರಿಲ್ ನಿಲ್ಲಿಸಿದ. ಬಗ್ಗಿ ನೋಡಿದೆ, ಸುರುಳಿ ಒಂದೇ ಕಡೆಯಿಂದ ಎದ್ದಿತ್ತು. ಅವನು ಬಿಟ್ಟನ್ನು ಬಿಚ್ಚಿ, ಯಂತ್ರದ ಹಿಡಿಕೆಯನ್ನು ಸಡಿಲಿಸಿ, ಮತ್ತೆ ಕೂರಿಸಿ, ಈ ಸಲ ಬಿಗಿಯುವ ಮೊದಲು ತಂದೆಯ ಬೆರಳಿಗೆ ಕೊಟ್ಟ.