ಊರಿಗೆ ಹೊರಟ ಬುಲೆಟ್ಟು

ಬುಲೆಟ್ಟಿನ ಹಿಂಚಕ್ರದಲ್ಲಿ, ಚೈನು ಕೂರುವ ಸ್ಪ್ರಾಕೆಟ್ಟಿಗೂ ಹಬ್ಬಿಗೂ ನಡುವೆ ಒಂದಷ್ಟು ರಬ್ಬರ್ ತುಂಡುಗಳಿರುತ್ತವೆ. ಎಂಜಿನ್ನಿನ ಎಳೆತ ಚಕ್ರಕ್ಕೆ ತಲುಪುವುದು ಇವುಗಳ ಮೂಲಕವೇ. ಆಕ್ಸಿಲರೇಟರ್ ತಿರುವಿದಾಗ ಬೀಳುವ ಪೆಟ್ಟನ್ನು ತಾವು ತಿಂದು, ಚಕ್ರಕ್ಕೆ ಮೆತ್ತಗೆ ದಾಟಿಸುತ್ತವೆ. ಅವು ಸವೆದರೆ ಗಾಡಿ ಹೊರಡುವಾಗೊಮ್ಮೆ, ನಿಧಾನಿಸುವಾಗೊಮ್ಮೆ 'ಟಕ್' ಅನ್ನುತ್ತದೆ. ನನ್ನ ಗಾಡಿ ಎರಡು ವರ್ಷದಿಂದ ಟಕ್ ಅನ್ನುತ್ತಲೇ ಇತ್ತು. ಇವತ್ತು ನಾಳೆ ಅಂತ ನಾನೇ ತಳ್ಳಿಕೊಂಡು ಬಂದಿದ್ದೆ.

ನನ್ನ ಗಾಡಿ ಅಂದೆನಲ್ಲ, ಅದು ಅಪ್ಪನದು. 2003ರಲ್ಲಿ ನಿವೃತ್ತಿಯ ಹಣದಲ್ಲಿ ಹಾಸನದಲ್ಲಿ ಕೊಂಡದ್ದು. ನನಗೆ ನೋಯ್ಡಾದಲ್ಲಿ ಕೆಲಸ ಸಿಕ್ಕಾಗ, "ಅಲ್ಲಿ ನಿಂಗ್ಯಾರಿದಾರೆ? ಇದಾದ್ರೂ ಜೊತೇಲಿರ್ಲಿ" ಅಂತ ರೈಲಿಗೆ ಹಾಕಿ ಕಳಿಸಿಬಿಟ್ಟರು. ಹಿಂದಿ ಬಾರದ ಆ ಮೊದಲ ಚಳಿಗಾಲದಲ್ಲಿ ನನಗೆ ಪರಿಚಯವಿದ್ದ ದನಿ ಅದರದೊಂದೇ.

ದಿಲ್ಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಕೂಡದೆಂದು ಹಸಿರು ನ್ಯಾಯಮಂಡಳಿ 2014ರಲ್ಲೇ ಹೇಳಿತ್ತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಬುಲೆಟ್ಟಿಗೆ ಆಗಷ್ಟೇ 15 ತುಂಬಿತ್ತು. ಸಿಟ್ಟು ಬಂತು ನಿಜ. ಆದರೆ ಆ ನವೆಂಬರಿನ ಹೊಗೆಯಲ್ಲಿ ಮಗಳು ರಾತ್ರಿಯಿಡೀ ಕೆಮ್ಮುತ್ತಿದ್ದಳು. ಯಾರ ಮೇಲೆ ಸಿಟ್ಟಾಗಲಿ?

"ಅಪ್ಪಾ, ಗುಜರಿಗೆ ಹಾಕೋಕೆ ಮನಸ್ಸಿಲ್ಲ. ವಾಪಸ್ ಕಳಿಸ್ತೀನಿ" ಅಂದೆ ಫೋನಿನಲ್ಲಿ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಟಕ್ ಅನ್ನತ್ತೇನೋ?" ಅಂದರು.

"ಹೂಂ."

"ರಬ್ಬರ್ ಹಾಕ್ಸಿ ಕಳ್ಸು."

ಟೆಂಪೋದಲ್ಲಿ ಹೇರಿಕೊಂಡು ಕರೋಲ್ ಬಾಗಿನ ನಾಯಿವಾಲಾ ಗಲ್ಲಿಗೆ ಒಯ್ದೆ. ಹೆಸರು ಕೇಳಿ ಹೆದರಬೇಡಿ, ಹಿಂದಿಯಲ್ಲಿ 'ನಾಯೀ' ಅಂದರೆ ಕ್ಷೌರಿಕ! ಗಲ್ಲಿ ತುಂಬ ಬೈಕಿನ ಬಿಡಿಭಾಗಗಳು. ಬೇಸಿಗೆಯಲ್ಲಿ ಲಡಾಖಿಗೆ ಹೊರಡುವ ಎಷ್ಟೋ ಹುಡುಗರು ಗಾಡಿ ಸಜ್ಜುಮಾಡಿಸುವುದು ಇಲ್ಲೇ. ಮೆಕ್ಯಾನಿಕ್ ಚಕ್ರ ಬಿಚ್ಚಿದಾಗ ಹಳೆಯ ರಬ್ಬರು ಪುಡಿಪುಡಿಯಾಗಿ ಉದುರಿತು. ಗ್ರೀಸ್ ಹಚ್ಚಿದರೆ ರಬ್ಬರ್ ಹಾಳಾಗುತ್ತದೆಂದು ಹೊಸದಕ್ಕೆ ಸೋಪಿನ ನೀರು ಸವರಿ, ಒತ್ತಿ ಒತ್ತಿ ಕೂರಿಸಿದ. ಚಕ್ರ ಹಿಡಿದುಕೊಂಡು ಸ್ಪ್ರಾಕೆಟ್ಟನ್ನು ಅಲ್ಲಾಡಿಸಿ ನೋಡಿದ. ಮಿಸುಕಲಿಲ್ಲ. ಅರ್ಧ ದಿನವೂ ಹಿಡಿಯದ ಕೆಲಸ. ಎರಡು ವರ್ಷ ಮಾಡಿಸಿರಲಿಲ್ಲ. ಓಡಿಸಿ ನೋಡುವ ಭಾಗ್ಯವೂ ನನಗಿಲ್ಲ. ಟೆಂಪೋ ಹತ್ತಿಸಿ ಸೀದಾ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆ. ಪಾರ್ಸೆಲ್ ಆಫೀಸಿನ ಮುಂದೆ ಪೆಟ್ರೋಲ್ ಖಾಲಿ ಮಾಡಿ, ಗೋಣಿ ಸುತ್ತಿ ಹೊಲಿದರು.

ಬೆಂಗಳೂರಿನಲ್ಲಿ ಚಿಕ್ಕಪ್ಪನ ಮಗ ಇಳಿಸಿಕೊಂಡು ಹಾಸನ ಮುಟ್ಟಿಸಿದ. ಅಂದು ಸಂಜೆಯೇ ಅಪ್ಪನ ಫೋನು. 73ರ ಕಾಲಿಗೆ ಕಿಕ್ಕರ್ ಒದೆಯುವ ಶಕ್ತಿಯೆಲ್ಲಿ? ಹಿಂದೆ ಕೂತು ಒಂದು ಸುತ್ತು ಹೋಗಿಬಂದರಂತೆ.

"ಟಕ್ ಅನ್ಲಿಲ್ಲ ಕಣೋ" ಅಂದರು. ಆಮೇಲೆ, "ಅದೇನೋ ಬಂತು. ನೀನ್ಯಾವಾಗ ಬರ್ತೀಯ?"

ಮಗಳ ಸ್ಕೂಲು, ಮನೆ ಸಾಲ, ರಜೆ ಅಂತ ಏನೇನೋ ಹೇಳತೊಡಗಿದೆ. ಆ ಕಡೆಯಿಂದ ಉತ್ತರವಿಲ್ಲ. ಅಪ್ಪ ಗಾಡಿ ಸ್ಟಾರ್ಟ್ ಮಾಡಿಸಿ, ಫೋನನ್ನು ಅದರ ಹತ್ತಿರ ಹಿಡಿದಿದ್ದರು.