ಮೀಸೆ ಎಲ್ಲಿ ಅಪ್ಪಾ?

2004ರ ದಸರಾ ರಜೆ. ಮೈಸೂರಿನ ನಮ್ಮ ಮನೆಯಲ್ಲಿ ಬೊಂಬೆ ಕೂರಿಸಿದ್ದೆವು. ಅಕ್ಟೋಬರ್ 19ರ ಬೆಳಿಗ್ಗೆ ನಾನಿನ್ನೂ ಕಾಫಿ ಲೋಟ ಕೈಗೆತ್ತಿಕೊಂಡಿರಲಿಲ್ಲ, ಏಳನೇ ಕ್ಲಾಸಿನ ಮಗ ಟಿ.ವಿ. ಮುಂದಿನಿಂದಲೇ ಕೂಗಿದ: "ಅಪ್ಪಾ, ವೀರಪ್ಪನ್ ಸತ್ತುಹೋದ!"

ಹಿಂದಿನ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ, ಆಂಬುಲೆನ್ಸಿನಲ್ಲಿ ಹೋಗುತ್ತಿದ್ದವನನ್ನು ತಮಿಳುನಾಡಿನ ವಿಶೇಷ ಕಾರ್ಯಪಡೆ ಗುಂಡಿಟ್ಟು ಕೊಂದಿತ್ತು. ಸ್ವಲ್ಪ ಹೊತ್ತಿಗೆ ಶವದ ಚಿತ್ರವೂ ಬಂತು. ಮಗನ ಮುಖ ಸಪ್ಪಗಾಯಿತು.

"ಮೀಸೆ ಎಲ್ಲಿ ಅಪ್ಪಾ?"

ಹೌದು, ಆ ಗಿರಿಜಾ ಮೀಸೆ ಇರಲಿಲ್ಲ, ಕತ್ತರಿಸಿ ಸಣ್ಣದಾಗಿತ್ತು. ಅದಿಲ್ಲದೆ ಅವನು ಐವತ್ತು ದಾಟಿದ, ಸೊರಗಿದ ಯಾರೋ ಒಬ್ಬನಂತೆ ಕಂಡ.

ಒಳಗಿನಿಂದ ಬಂದ ನಮ್ಮಮ್ಮ, "ಸಾವಿನ ಸುದ್ದಿಗೆ ಹಾಗೆಲ್ಲ ಕಿರುಚಬಾರದು ಕಣೋ" ಎಂದು ಮೊಮ್ಮಗನನ್ನು ಗದರಿಸಿದರು. ಬೊಂಬೆಗಳ ಮುಂದೆ ದೀಪ ಹಚ್ಚುವಾಗ ಮಾತ್ರ, "ಅಂತೂ ಪೀಡೆ ತೊಲಗಿತು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡದ್ದು ನನ್ನ ಕಿವಿಗೆ ಬಿತ್ತು.

ಅದಕ್ಕೆ ಮೂರು ವಾರ ಮೊದಲು, ಸೆಪ್ಟೆಂಬರ್ 24ರಂದು, ರಾಜಾ ರಾಮಣ್ಣ ತೀರಿಕೊಂಡಿದ್ದರು. ತುಮಕೂರಿನಲ್ಲಿ ಹುಟ್ಟಿದವರು, 1974ರಲ್ಲಿ ಪೋಖ್ರಾನ್‌ನ ಮೊದಲ ಅಣುಪರೀಕ್ಷೆಯ ಮುಂದಾಳು, ಅದರ ಜೊತೆಗೆ ಪಿಯಾನೋ ವಾದಕರು. ಪತ್ರಿಕೆಯನ್ನು ನಾನು ಗಟ್ಟಿಯಾಗಿ ಓದಿ ಹೇಳಿದ್ದೆ. ಮಗ ಕೇಳಿದ್ದು ಒಂದೇ: "ಇದು ಪರೀಕ್ಷೆಗೆ ಬರುತ್ತಾ?"

ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ. 2000ದ ಜುಲೈ 30ರಂದು ದೊಡ್ಡಗಾಜನೂರಿನಿಂದ ರಾಜಕುಮಾರ್ ಅಪಹರಣವಾಗಿ, ಅವರು 108 ದಿನ ಕಾಡಿನಲ್ಲಿದ್ದಾಗ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ, ಹುಡುಗ ತಲೆಸುತ್ತು ಎಂದು ಅಳಬಾರದೆಂದು, ಕಿಟಕಿಯಾಚೆಯ ಕಾಡು ತೋರಿಸಿ ಅವನು ಪೊಲೀಸರ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದ ಕತೆಗಳನ್ನು ಉಪ್ಪುಖಾರ ಹಚ್ಚಿ ಹೇಳಿದವನು ನಾನೇ. ಆ ಕತೆಗಳಲ್ಲಿ ಸತ್ತವರಿಗೆ ಹೆಸರೇ ಇರಲಿಲ್ಲ.

ಆ ದಿನ ಕೂತು ಹೆಸರುಗಳನ್ನು ನೆನಪು ಮಾಡಿಕೊಂಡೆ. 1992ರ ಆಗಸ್ಟ್ 14ರಂದು ಕೊಲೆಯಾದ ಎಸ್.ಪಿ. ಹರಿಕೃಷ್ಣ, ಅವರ ಜೊತೆಗೆ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್. 2002ರಲ್ಲಿ ಅಪಹರಣವಾಗಿ ಹೆಣವಾಗಿ ಸಿಕ್ಕ ಮಾಜಿ ಮಂತ್ರಿ ನಾಗಪ್ಪ. ಎಲ್ಲರಿಗಿಂತ ಮೊದಲು ನೆನಪಾಗಬೇಕಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೊನೆಗೆ ನೆನಪಾದರು. ಆಂಧ್ರದಿಂದ ಬಂದ ಈ ಮನುಷ್ಯ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಹೋಗಿ ನಿಂತರು. ಹಳ್ಳಿಯವರಿಗೆ ಔಷಧ, ಮನೆ, ಕುಡಿಯುವ ನೀರು ಒದಗಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತಾನೆ ಎಂಬ ಮಾತನ್ನು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿಗೆ ಹೋದರು. ತಿರುಗಿ ಬರಲಿಲ್ಲ. ಸರ್ಕಾರ ಕೀರ್ತಿಚಕ್ರ ಕೊಟ್ಟಿತು.

ಮಗ ಕೇಳಿಸಿಕೊಂಡು, "ಅವರ ಫೋಟೋ ಇದೆಯಾ?" ಎಂದ. ಮನೆಯಲ್ಲಿದ್ದ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿದೆವು. ಮೀಸೆಯ ಚಿತ್ರಗಳು ಎಷ್ಟು ಬೇಕಾದರೂ ಇದ್ದವು.

ಮೂಲಕಾಡಿನಲ್ಲಿ ವೀರಪ್ಪನ್‌ನನ್ನು ಮಣ್ಣುಮಾಡಿದ ಸುದ್ದಿಯನ್ನೂ ನೋಡಿದೆವು. ಅವನಿಗೆ ಇಬ್ಬರು ಹೆಣ್ಣುಮಕ್ಕಳೆಂದು ತಿಳಿದು ಅಮ್ಮ, "ಪಾಪ, ಆ ಹುಡುಗಿಯರು ನಾಳೆ ಸ್ಕೂಲಿಗೆ ಹೇಗೆ ಹೋಗುತ್ತವೋ" ಎಂದರು. ಪೀಡೆ ತೊಲಗಿತು ಎಂದವರೂ ಅವರೇ. ಎರಡನ್ನೂ ಅವರು ಮನಸ್ಸಿನಿಂದಲೇ ಹೇಳಿದ್ದರು.

ಗೋಪಿನಾಥಂ ನೋಡಲು ನಮಗೆ ಎಷ್ಟೋ ವರ್ಷ ಬೇಕಾಯಿತು. ಮೊನ್ನೆ ಮಗನೇ ಕಾರು ಓಡಿಸಿಕೊಂಡು ಕರೆದೊಯ್ದ. ಮಾರಿಯಮ್ಮನ ಗುಡಿಯಲ್ಲಿ ಊರಿನವರು ಶ್ರೀನಿವಾಸ್ ಅವರ ಫೋಟೋ ಇಟ್ಟು ಪೂಜೆ ಮಾಡುತ್ತಾರೆ. ಮಗ ಅದರ ಮುಂದೆ ತುಂಬ ಹೊತ್ತು ನಿಂತ.

"ಆಗ ಇವರಿಗೆ ಎಷ್ಟು ವಯಸ್ಸು ಅಪ್ಪಾ?"

"ಮೂವತ್ತೇಳು."

"ನನಗಿಂತ ಮೂರೇ ವರ್ಷ ದೊಡ್ಡವರು" ಎಂದು ಹೇಳಿ, ಚಪ್ಪಲಿ ಬಿಟ್ಟಿದ್ದ ಕಡೆಗೆ ನಡೆದ.